ಲಿವರ್‌ಪೂಲಿಗೆ ಬಂದ ಸ್ಪೇನಿನ ಮೇಷ್ಟ್ರು

2010ರ ಜೂನ್ 3ರಂದು ರಫಾಯೆಲ್ ಬೆನಿಟೆಜ್ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್ಬಾಲ್ ಕ್ಲಬ್ಬಿನ ಮ್ಯಾನೇಜರ್ ಹುದ್ದೆಯಿಂದ ನಿರ್ಗಮಿಸಿದರು. ಹಿಂದಿನ ವರ್ಷ ಲೀಗಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ತಂಡ ಆ ವರ್ಷ ಏಳನೆಯ ಸ್ಥಾನಕ್ಕೆ ಕುಸಿದಿತ್ತು. ಸೋತ ತರಬೇತುದಾರನನ್ನು ಮನೆಗೆ ಕಳುಹಿಸುವುದು ಆ ಲೋಕದ ವಾಡಿಕೆ. ಆದ್ದರಿಂದ ಈ ಸುದ್ದಿಯಲ್ಲಿ ಅಚ್ಚರಿಪಡುವಂಥದ್ದು ಏನೂ ಇರಲಿಲ್ಲ. ಆದರೆ ಹೊರಡುವಾಗ ಅವರು ಒಂದು ಕೆಲಸ ಮಾಡಿದರು. ಹಿಲ್ಸ್‌ಬರೊ ದುರಂತದಲ್ಲಿ ಮಡಿದವರ ಕುಟುಂಬಗಳ ಸಂಘಕ್ಕೆ 96 ಸಾವಿರ ಪೌಂಡ್ ದೇಣಿಗೆ ನೀಡಿದರು. ಮೊತ್ತ ಏಕೆ ಅಷ್ಟೇ ಎಂದು ಲಿವರ್‌ಪೂಲಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಆ ದುರಂತದಲ್ಲಿ ಸತ್ತವರೆಂದು ಆಗ ಲೆಕ್ಕಕ್ಕೆ ಸಿಕ್ಕವರು 96 ಮಂದಿ.

ಮ್ಯಾಡ್ರಿಡ್‌ನಲ್ಲಿ ಹುಟ್ಟಿ ಬೆಳೆದ, ಇಂಗ್ಲಿಷನ್ನು ತಡವರಿಸುತ್ತಲೇ ಮಾತನಾಡುತ್ತಿದ್ದ ಒಬ್ಬ ಮನುಷ್ಯ ಆರು ವರ್ಷಗಳಲ್ಲಿ ಈ ಊರಿನ ಅತ್ಯಂತ ಆಳವಾದ ಗಾಯವನ್ನು ಇಷ್ಟರ ಮಟ್ಟಿಗೆ ಅರಿತುಕೊಂಡದ್ದು ಹೇಗೆ? ಆ ಊರಿನ ಆಟಕ್ಕೆ ಆತ ಕೊಟ್ಟದ್ದಾದರೂ ಏನು? ಕಪ್ಪುಗಳನ್ನು ಎಣಿಸಿದರೆ ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಉಳಿದರ್ಧವನ್ನು ಇತಿಹಾಸದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಹುಡುಕಬೇಕಾಗುತ್ತದೆ.

ಕಲಿಸಿದವರು ಯಾರು, ಕಲಿತವರು ಯಾರು?

ಸ್ಪೇನಿನಲ್ಲಿ ಇಂದಿಗೂ ಆಟಗಾರರು ತಮ್ಮ ತರಬೇತುದಾರನನ್ನು 'ಮಿಸ್ಟರ್' ಎಂದೇ ಕರೆಯುತ್ತಾರೆ. ನಮ್ಮಲ್ಲಿ ಶಾಲೆಯ ಉಪಾಧ್ಯಾಯರು 'ಮೇಷ್ಟ್ರು' ಆದಂತೆ, ಅಲ್ಲಿ ಮೈದಾನದ ಗುರು 'ಮಿಸ್ಟರ್' ಆದರು. ಇಂಗ್ಲಿಷಿನ ಈ ಪದ ಅಲ್ಲಿ ನೆಲೆಯೂರಿದ್ದಕ್ಕೆ ಕಾರಣವಿದೆ. ಸ್ಪೇನಿಗೆ ಈ ಆಟವನ್ನು ಕಲಿಸಿದವರೇ ಬ್ರಿಟಿಷರು. ದಕ್ಷಿಣ ಸ್ಪೇನಿನ ರಿಯೊ ಟಿಂಟೊ ಗಣಿಗಳಿಗೆ ದುಡಿಯಲು ಹೋದ ಬ್ರಿಟಿಷರು ಹುಯೆಲ್ವಾ ಎಂಬ ಬಂದರಿನಲ್ಲಿ 1889ರಲ್ಲಿ ಒಂದು ಕ್ಲಬ್ ಕಟ್ಟಿದರು. ಸ್ಪೇನಿನ ಅತ್ಯಂತ ಹಳೆಯ ಫುಟ್ಬಾಲ್ ಕ್ಲಬ್ ಎಂದು ಇಂದು ಗುರುತಿಸಲಾಗುವುದು ಅದನ್ನೇ. ಉತ್ತರದ ಬಿಲ್ಬಾವೊಗೆ ಈ ಆಟ ತಲುಪಿದ್ದೂ ಇಂಗ್ಲೆಂಡಿನ ಹಡಗುಗಳ ಜೊತೆಗೇ. ಅಲ್ಲಿಯ ಕ್ಲಬ್ಬಿನ ಹೆಸರು ಇಂದಿಗೂ ಇಂಗ್ಲಿಷ್ ಕಾಗುಣಿತದಲ್ಲಿಯೇ 'ಅಥ್ಲೆಟಿಕ್' ಎಂದಿದೆ.

ಆ ಬಿಲ್ಬಾವೊಗೆ 1922ರಲ್ಲಿ ಫ್ರೆಡ್ ಪೆಂಟ್‌ಲ್ಯಾಂಡ್ ಎಂಬ ಇಂಗ್ಲಿಷ್ ತರಬೇತುದಾರ ಬಂದರು. ಜರ್ಮನಿಯ ಒಲಿಂಪಿಕ್ ತಂಡವನ್ನು ತರಬೇತುಗೊಳಿಸಲು ಹೋಗಿ, ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ, ಬರ್ಲಿನ್ ಬಳಿಯ ರೂಲೆಬೆನ್ ಬಂಧನ ಶಿಬಿರದಲ್ಲಿ ಕೈದಿಯಾಗಿ ಕಾಲ ಕಳೆದವರು ಅವರು. ಚೆಂಡನ್ನು ಎತ್ತರಕ್ಕೆ ಒದ್ದು ಅದರ ಹಿಂದೆ ಓಡುವುದೇ ಆಟವೆಂದು ನಂಬಿದ್ದ ಬಾಸ್ಕ್ ಹುಡುಗರಿಗೆ ಅವರು ಚಿಕ್ಕ ಚಿಕ್ಕ ಪಾಸುಗಳ ಆಟ ಕಲಿಸಿದರು. 1930 ಮತ್ತು 1931ರಲ್ಲಿ ಆ ತಂಡ ಲೀಗ್ ಗೆದ್ದಿತು. 1931ರಲ್ಲಿ ಬಾರ್ಸಿಲೋನಾವನ್ನು 12-1ರಿಂದ ಸೋಲಿಸಿತು. ಪೆಂಟ್‌ಲ್ಯಾಂಡ್ ಸದಾ ತಲೆಗೆ ದುಂಡನೆಯ ಇಂಗ್ಲಿಷ್ ಹ್ಯಾಟ್ ಹಾಕಿಕೊಂಡಿರುತ್ತಿದ್ದರು. ದೊಡ್ಡ ಪಂದ್ಯ ಗೆದ್ದಾಗಲೆಲ್ಲ ಆಟಗಾರರು ಅದನ್ನು ಕಿತ್ತುಕೊಂಡು ತುಳಿದು ಸಂಭ್ರಮಿಸುತ್ತಿದ್ದರಂತೆ.

ಕಥೆಯ ಇನ್ನೊಂದು ಎಳೆ ನೇರವಾಗಿ ಲಿವರ್‌ಪೂಲಿನಿಂದಲೇ ಹೊರಡುತ್ತದೆ. 1970ರ ದಶಕದಲ್ಲಿ ಆ ಕ್ಲಬ್ಬಿಗೆ ಆಡಿದ್ದ ವೇಲ್ಸ್‌ನ ಜಾನ್ ಟೋಶಾಕ್ ಮುಂದೆ ಸ್ಪೇನಿನಲ್ಲಿ ತರಬೇತುದಾರರಾಗಿ ನೆಲೆ ನಿಂತರು. 1987ರಲ್ಲಿ ರಿಯಲ್ ಸೊಸೈಡಾಡ್ ತಂಡಕ್ಕೆ ರಾಷ್ಟ್ರೀಯ ಕಪ್ ಗೆಲ್ಲಿಸಿಕೊಟ್ಟರು, 1990ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಲೀಗ್ ಗೆಲ್ಲಿಸಿಕೊಟ್ಟರು. 2001ರಲ್ಲಿ ಮತ್ತೆ ಸೊಸೈಡಾಡ್‌ಗೆ ಮರಳಿದಾಗ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನನ್ನು ನಾಯಕನನ್ನಾಗಿ ಮಾಡಿದರು. ಆ ಹುಡುಗನ ಹೆಸರು ಷಾಬಿ ಅಲೊನ್ಸೊ. ಮೂರು ವರ್ಷಗಳ ನಂತರ ಆ ಅಲೊನ್ಸೊ ಲಿವರ್‌ಪೂಲಿನ ಕೆಂಪು ಅಂಗಿ ತೊಟ್ಟರು. ಕೊಟ್ಟ ವಿದ್ಯೆ ಬಡ್ಡಿ ಸಮೇತ ಕೊಟ್ಟವರ ಮನೆಗೇ ಮರಳಿ ಬಂದಿತ್ತು.

ಹೀಗಿದ್ದೂ ಸ್ಪೇನಿನ ತರಬೇತುದಾರ ಇಂಗ್ಲೆಂಡಿಗೆ ಬಂದಾಗ, ನಮಗೆ ಈತ ಕಲಿಸುವುದೇನು ಎಂಬ ಧಾಟಿಯ ಮಾತುಗಳು ಕೇಳಿಬಂದವು. ತಾನು ಕಲಿಸಿದ್ದನ್ನು ನೆನಪಿಟ್ಟುಕೊಂಡು, ತಾನು ಕಲಿಯಬೇಕಾದ್ದನ್ನು ಮರೆಯುವುದು ಮನುಷ್ಯ ಸಹಜ ದೌರ್ಬಲ್ಯ.

ಹಳೆಯ ಮನೆ, ಹಳೆಯ ನೋವು

ಬೆನಿಟೆಜ್ ಕಾಲಿಟ್ಟ ಮನೆ ಎಂಥದ್ದು ಎಂಬುದನ್ನು ತಿಳಿಯದೆ ಅವರ ಕೆಲಸದ ತೂಕ ತಿಳಿಯದು. ಲಿವರ್‌ಪೂಲ್ ಬಂದರಿನ ಊರು. ಒಂದು ಕಾಲದಲ್ಲಿ ಗುಲಾಮರ ವ್ಯಾಪಾರದ ಹಣದಿಂದ ಬೆಳೆದದ್ದು, ಮುಂದೆ ಐರ್ಲೆಂಡಿನ ಬರಗಾಲದಿಂದ ಓಡಿ ಬಂದವರಿಂದ ತುಂಬಿದ್ದು, ಹಡಗುಕಟ್ಟೆಗಳ ಕೆಲಸ ಕುಸಿದಾಗ ನಿರುದ್ಯೋಗದಲ್ಲಿ ನರಳಿದ್ದು. ಅಂಥ ಊರಿಗೆ ಫುಟ್ಬಾಲ್ ಎಂಬುದು ವಾರಾಂತ್ಯದ ಮನರಂಜನೆಯಷ್ಟೇ ಆಗಿರಲಿಲ್ಲ. ತಲೆ ಎತ್ತಿ ನಿಲ್ಲಲು ಇದ್ದ ಕೆಲವೇ ಕಾರಣಗಳಲ್ಲಿ ಅದೂ ಒಂದಾಗಿತ್ತು.

ಸ್ಕಾಟ್ಲೆಂಡಿನ ಗಣಿ ಕಾರ್ಮಿಕರ ಹಳ್ಳಿಯಿಂದ ಬಂದ ಬಿಲ್ ಶ್ಯಾಂಕ್ಲಿ 1959ರಲ್ಲಿ ಮ್ಯಾನೇಜರ್ ಆದಾಗ ಲಿವರ್‌ಪೂಲ್ ಎರಡನೆಯ ದರ್ಜೆಯ ತಂಡ. ಅವರು ಅದನ್ನು ದೇಶದ ಮೊದಲ ಸಾಲಿಗೆ ತಂದರು. ಆನ್‌ಫೀಲ್ಡ್ ಕ್ರೀಡಾಂಗಣದಲ್ಲಿ ಆಟಗಾರರ ಬೂಟುಗಳನ್ನು ಇಡುವ ಒಂದು ಸಣ್ಣ ಕೋಣೆಯಿತ್ತು. ತರಬೇತುದಾರರು ಅಲ್ಲಿ ಕುಳಿತು ಆಟವನ್ನು ಬಿಡಿಸಿ ಬಿಡಿಸಿ ಚರ್ಚಿಸುತ್ತಿದ್ದರು. ಶ್ಯಾಂಕ್ಲಿಯ ನಂತರ ಬಾಬ್ ಪೇಯ್ಸ್ಲಿ, ಅವರ ನಂತರ ಜೋ ಫೇಗನ್, ಇಬ್ಬರೂ ಆ 'ಬೂಟ್ ರೂಮ್'ನಿಂದಲೇ ಬಂದವರು. 1977, 1978, 1981 ಮತ್ತು 1984ರಲ್ಲಿ ಲಿವರ್‌ಪೂಲ್ ಯುರೋಪಿಯನ್ ಕಪ್ ಗೆದ್ದಿತು. ವಿದ್ಯೆಯೆಲ್ಲ ಮನೆಯೊಳಗೇ ಇದೆ, ಹೊರಗೆ ಹುಡುಕಬೇಕಾಗಿಲ್ಲ ಎಂಬ ವಿಶ್ವಾಸ ಆಗ ಬೇರೂರಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಗಾದೆ. ಲಿವರ್‌ಪೂಲಿನವರ ನಂಬಿಕೆ ಇದಕ್ಕೆ ತದ್ವಿರುದ್ಧವಾಗಿತ್ತು.

ನಂತರ ಎರಡು ಸಾವಿನ ನೆರಳುಗಳು ಬಿದ್ದವು. 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಬೆಂಬಲಿಗರು ಮೇಲೆರಗಿದಾಗ ಗೋಡೆ ಕುಸಿದು 39 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಯುವೆಂಟಸ್ ತಂಡವನ್ನು ಬೆಂಬಲಿಸಲು ಬಂದಿದ್ದ ಇಟಲಿಯವರು. ಇಂಗ್ಲಿಷ್ ಕ್ಲಬ್ಬುಗಳನ್ನು ಯುರೋಪಿನಿಂದ ಐದು ವರ್ಷ, ಲಿವರ್‌ಪೂಲನ್ನು ಆರು ವರ್ಷ ಹೊರಗಿಡಲಾಯಿತು. 1989ರ ಏಪ್ರಿಲ್ 15ರಂದು ಷೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ, ಪೊಲೀಸರ ಘೋರ ವೈಫಲ್ಯದಿಂದ, ಕಬ್ಬಿಣದ ಬೇಲಿಗಳ ನಡುವೆ ಸಿಲುಕಿ ಲಿವರ್‌ಪೂಲ್ ಬೆಂಬಲಿಗರು ಉಸಿರುಗಟ್ಟಿ ಸತ್ತರು. ಸತ್ತವರನ್ನೇ ಅಪರಾಧಿಗಳನ್ನಾಗಿಸುವ ಸುಳ್ಳುಗಳನ್ನು ಪೊಲೀಸರು ಹೆಣೆದರು, ಪತ್ರಿಕೆಯೊಂದು ಅದನ್ನೇ 'ಸತ್ಯ'ವೆಂದು ಮುಖಪುಟದಲ್ಲಿ ಅಚ್ಚು ಹಾಕಿತು. ತಮ್ಮ ಮಕ್ಕಳು ಕುಡುಕರೂ ಕಳ್ಳರೂ ಅಲ್ಲವೆಂದು ಸಾಬೀತುಪಡಿಸಲು ತಾಯ್ತಂದೆಯರು ದಶಕಗಳ ಕಾಲ ಕೋರ್ಟು ಕಚೇರಿ ಅಲೆಯಬೇಕಾಯಿತು. ಒಂದು ಸಮುದಾಯದ ಮೇಲೆ ಒಮ್ಮೆ ಅಂಟಿಸಿದ ಕಳಂಕವನ್ನು ಅಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಟದಲ್ಲೂ ಇಳಿಗಾಲ ಬಂತು. 1990ರ ನಂತರ ಲೀಗ್ ಪ್ರಶಸ್ತಿ ಕೈಗೆಟುಕಲಿಲ್ಲ. 1993ರಲ್ಲಿ ಪತ್ರಕರ್ತರಿಗೆ ಜಾಗ ಮಾಡಲು ಆ ಬೂಟಿನ ಕೋಣೆಯನ್ನೇ ಕೆಡವಿದರು. 1998ರಲ್ಲಿ ಫ್ರಾನ್ಸಿನ ಜೆರಾರ್ ಹೂಲಿಯೆ ಬಂದರು, 2001ರಲ್ಲಿ ಮೂರು ಕಪ್ ಗೆದ್ದರು, ಬಾಗಿಲು ಸ್ವಲ್ಪ ತೆರೆಯಿತು. ಅದೇ ಬಾಗಿಲಿನಿಂದ 2004ರ ಜೂನ್‌ನಲ್ಲಿ ಬೆನಿಟೆಜ್ ಒಳಗೆ ಬಂದರು.

ಟಿಪ್ಪಣಿ ಪುಸ್ತಕದ ಮನುಷ್ಯ

ಬೆನಿಟೆಜ್ ಆಟಗಾರರಾಗಿ ಹೆಸರು ಮಾಡಿದವರಲ್ಲ. ರಿಯಲ್ ಮ್ಯಾಡ್ರಿಡ್‌ನ ಕಿರಿಯರ ತಂಡಗಳಲ್ಲಿ ಬೆಳೆದರೂ ಗಾಯದ ಕಾರಣದಿಂದ ಮೇಲೇರಲಾಗಲಿಲ್ಲ. ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದು ತರಬೇತಿಯ ದಾರಿ ಹಿಡಿದರು. ಸಣ್ಣ ಕ್ಲಬ್ಬುಗಳಲ್ಲಿ ಏಳುಬೀಳು ಕಂಡು ವೆಲೆನ್ಸಿಯಾಗೆ ಬಂದ ಮೇಲೆ ಅವರ ಅದೃಷ್ಟ ತಿರುಗಿತು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎಂಬ ಎರಡು ಸಿರಿವಂತರ ನಡುವೆ ವೆಲೆನ್ಸಿಯಾ 2002 ಮತ್ತು 2004ರಲ್ಲಿ ಲೀಗ್ ಗೆದ್ದಿತು, 2004ರಲ್ಲಿ ಯುಇಎಫ್‌ಎ ಕಪ್ಪನ್ನೂ ಗೆದ್ದಿತು.

ಲಿವರ್‌ಪೂಲಿಗೆ ಅವರು ತಂದ ಪದ್ಧತಿಗಳಲ್ಲಿ ಎರಡು ಬಹಳ ವಾದಕ್ಕೆ ಕಾರಣವಾದವು. ಮೊದಲನೆಯದು, ಕಾರ್ನರ್ ಕಿಕ್ ಬಂದಾಗ ರಕ್ಷಣೆ ಮಾಡುವ ಬಗೆ. ಇಂಗ್ಲೆಂಡಿನ ವಾಡಿಕೆಯಲ್ಲಿ ಪ್ರತಿಯೊಬ್ಬ ರಕ್ಷಕನೂ ಎದುರಾಳಿಯ ಒಬ್ಬನನ್ನು ನೆರಳಿನಂತೆ ಹಿಂಬಾಲಿಸಬೇಕು. ಗೋಲಾದರೆ ತಪ್ಪು ಯಾರದ್ದೆಂದು ತಕ್ಷಣ ಬೊಟ್ಟು ಮಾಡಬಹುದು. ಬೆನಿಟೆಜ್ ಹೇಳಿದ್ದು, ವ್ಯಕ್ತಿಯನ್ನಲ್ಲ, ಜಾಗವನ್ನು ಕಾಯಿರಿ ಎಂದು. ಗೋಲಿನ ಮುಂದಿನ ನೆಲವನ್ನು ಪಾಲು ಮಾಡಿ, ತನ್ನ ಪಾಲಿಗೆ ಬಂದ ಚೆಂಡನ್ನು ಹೊಡೆದಟ್ಟುವ ಹೊಣೆ ಪ್ರತಿಯೊಬ್ಬನಿಗೂ. ಈ ಕ್ರಮದಲ್ಲಿ ಒಂದು ಗೋಲು ಬಿದ್ದರೂ ಸಾಕು, ಟೆಲಿವಿಷನ್ ಪಂಡಿತರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಹಳೆಯ ಕ್ರಮದಲ್ಲಿ ಬಿದ್ದ ಗೋಲುಗಳಿಗೆ ಆಟಗಾರ ಹೊಣೆ, ಹೊಸ ಕ್ರಮದಲ್ಲಿ ಬಿದ್ದ ಗೋಲಿಗೆ ಮಾತ್ರ ಪದ್ಧತಿಯೇ ಹೊಣೆ! ಆದರೆ 2005-06ರ ಋತುವಿನಲ್ಲಿ 38 ಲೀಗ್ ಪಂದ್ಯಗಳಲ್ಲಿ ಲಿವರ್‌ಪೂಲ್ ಬಿಟ್ಟುಕೊಟ್ಟದ್ದು ಕೇವಲ 25 ಗೋಲು.

ಎರಡನೆಯದು, ಆಟಗಾರರನ್ನು ಸರದಿಯ ಮೇಲೆ ಆಡಿಸುವುದು. ಗೆದ್ದ ತಂಡವನ್ನು ಬದಲಾಯಿಸಬಾರದು ಎಂಬುದು ಇಂಗ್ಲೆಂಡಿನಲ್ಲಿ ವೇದವಾಕ್ಯ. ವರ್ಷಕ್ಕೆ ಅರವತ್ತರ ಸಮೀಪ ಪಂದ್ಯಗಳನ್ನಾಡುವ ದೇಹಗಳಿಗೆ ವಿಶ್ರಾಂತಿ ಬೇಕು ಎಂಬುದು ದೈಹಿಕ ಶಿಕ್ಷಣದ ವಿದ್ಯಾರ್ಥಿಯಾಗಿದ್ದ ಬೆನಿಟೆಜ್ ಅವರ ವಾದ. 2006ರ ಅಕ್ಟೋಬರ್‌ವರೆಗೆ ಸತತ 99 ಪಂದ್ಯಗಳಲ್ಲಿ ಅವರು ಒಮ್ಮೆಯೂ ಹಿಂದಿನ ಪಂದ್ಯದ ಹನ್ನೊಂದು ಮಂದಿಯನ್ನೇ ಕಣಕ್ಕಿಳಿಸಲಿಲ್ಲ. ಇಂದು ಪ್ರತಿಯೊಂದು ದೊಡ್ಡ ಕ್ಲಬ್ಬೂ ಮಾಡುವ ಈ ಕೆಲಸ ಅಂದು ಹುಚ್ಚಾಟವೆನಿಸಿತ್ತು.

ಪಂದ್ಯದ ನಡುವೆ ಸಣ್ಣ ಪುಸ್ತಕದಲ್ಲಿ ಏನನ್ನೋ ಗೀಚಿಕೊಳ್ಳುವುದು, ಗೋಲು ಬಿದ್ದಾಗಲೂ ಸಂಭ್ರಮಿಸದೆ ಮುಂದಿನ ಚಲನೆಯನ್ನು ವಿವರಿಸುವುದು ಅವರ ಸ್ವಭಾವ. ಹೊಗಳಿಕೆಯಲ್ಲಿ ಅವರು ಬಹಳ ಜಿಪುಣರು. ನಾಯಕ ಸ್ಟೀವನ್ ಜೆರಾರ್ಡ್ ತಮ್ಮ ಆತ್ಮಕಥೆಯಲ್ಲಿ ಬೆನಿಟೆಜ್ ಅವರ ತಣ್ಣನೆಯ ನಡವಳಿಕೆಯ ಬಗ್ಗೆಯೂ ಬರೆದಿದ್ದಾರೆ, ಅವರ ತಂತ್ರಜ್ಞಾನದ ಹಿರಿಮೆಯನ್ನೂ ಒಪ್ಪಿಕೊಂಡಿದ್ದಾರೆ. ಬೆನ್ನು ತಟ್ಟದ ಮೇಷ್ಟ್ರ ಬಳಿ ಕಲಿತವರಿಗೆ ಈ ಎರಡು ಮಾತೂ ಒಟ್ಟಿಗೆ ನಿಜವೆಂದು ಗೊತ್ತಿರುತ್ತದೆ.

ಇಸ್ತಾಂಬುಲಿನ ಆರು ನಿಮಿಷ

ಮೊದಲ ವರ್ಷ ಲೀಗಿನಲ್ಲಿ ಲಿವರ್‌ಪೂಲ್ ಐದನೆಯ ಸ್ಥಾನ ಪಡೆಯಿತು, ಚೆಲ್ಸಿಗಿಂತ 37 ಅಂಕ ಹಿಂದೆ. ಆದರೆ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಅದೇ ತಂಡ ಬೇರೆಯೇ ತಂಡವಾಗುತ್ತಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಯುವೆಂಟಸ್. ಹೈಸೆಲ್ ದುರಂತದ ಇಪ್ಪತ್ತು ವರ್ಷಗಳ ನಂತರ ಎರಡೂ ತಂಡಗಳು ಮೊದಲ ಬಾರಿಗೆ ಮುಖಾಮುಖಿಯಾದವು. ಆನ್‌ಫೀಲ್ಡಿನ ಪ್ರೇಕ್ಷಕರು ಇಟಾಲಿಯನ್ ಭಾಷೆಯಲ್ಲಿ 'ಸ್ನೇಹ' ಎಂಬ ಪದವನ್ನು ಫಲಕಗಳಲ್ಲಿ ಎತ್ತಿ ಹಿಡಿದರು. ಬಂದಿದ್ದ ಇಟಲಿಯವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಬೆನ್ನು ತಿರುಗಿಸಿ ನಿಂತರು. ಎರಡನ್ನೂ ತಪ್ಪೆನ್ನಲಾಗದು.

2005ರ ಮೇ 25ರಂದು ಇಸ್ತಾಂಬುಲಿನ ಅತಾತುರ್ಕ್ ಕ್ರೀಡಾಂಗಣದಲ್ಲಿ ಫೈನಲ್ ನಡೆಯಿತು. ಎದುರಾಳಿ ಎಸಿ ಮಿಲಾನ್. ಮೊದಲ ನಿಮಿಷದಲ್ಲೇ ಮಾಲ್ದಿನಿ ಗೋಲು ಹೊಡೆದರು. ವಿರಾಮಕ್ಕೆ ಮುಂಚೆ ಕ್ರೆಸ್ಪೊ ಇನ್ನೆರಡು ಸೇರಿಸಿದರು. 3-0. ಡ್ರೆಸ್ಸಿಂಗ್ ಕೋಣೆಯಲ್ಲಿ ಸತ್ತ ಮನೆಯ ಮೌನ. ಬೆನಿಟೆಜ್ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಮಾತನಾಡಬೇಕಿತ್ತು. ಡಿಜಿಮಿ ಟ್ರೊರೆಯನ್ನು ಹೊರಗೆ ಕೂರಿಸಲು ನಿರ್ಧರಿಸಿದ್ದರು. ಅಷ್ಟರಲ್ಲಿ ಸ್ಟೀವ್ ಫಿನ್ನನ್ ಗಾಯಗೊಂಡಿರುವುದು ತಿಳಿಯಿತು. ಟ್ರೊರೆ ಮತ್ತೆ ಒಳಗೆ, ಫಿನ್ನನ್ ಹೊರಗೆ. ಅವರ ಜಾಗಕ್ಕೆ ಜರ್ಮನಿಯ ಹಾಮನ್ ಬಂದರು. ರಕ್ಷಣೆಯಲ್ಲಿ ನಾಲ್ವರ ಬದಲು ಮೂವರು, ಮೈದಾನದ ನಡುವೆ ಒಬ್ಬ ಹೆಚ್ಚು. ಹೊರಗೆ, ಸೋತಂತೆಯೇ ಆಗಿದ್ದ ಲಿವರ್‌ಪೂಲಿನ ಬೆಂಬಲಿಗರು ತಮ್ಮ ಕ್ಲಬ್ಬಿನ ಹಾಡನ್ನು ಹಾಡುತ್ತಿದ್ದರು.

54ನೆಯ ನಿಮಿಷದಲ್ಲಿ ಜೆರಾರ್ಡ್, 56ರಲ್ಲಿ ಸ್ಮಿಸೆರ್. 60ರಲ್ಲಿ ಪೆನಾಲ್ಟಿ. ಅಲೊನ್ಸೊ ಒದ್ದ ಚೆಂಡನ್ನು ಗೋಲ್‌ಕೀಪರ್ ದಿದಾ ತಡೆದರು, ಮರಳಿ ಬಂದ ಚೆಂಡನ್ನು ಅಲೊನ್ಸೊ ಬಲೆಗೆ ಅಟ್ಟಿದರು. ಆರು ನಿಮಿಷ, ಮೂರು ಗೋಲು. ಹೆಚ್ಚುವರಿ ಸಮಯದಲ್ಲಿ ಶೆವ್ಚೆಂಕೊ ಹತ್ತಿರದಿಂದ ಹೊಡೆದ ಎರಡು ಹೊಡೆತಗಳನ್ನು ಡುಡೆಕ್ ಹೇಗೆ ತಡೆದರೆಂಬುದು ಅವರಿಗೂ ಅಚ್ಚರಿಯಾಗಿದ್ದಿರಬೇಕು. ಕೊನೆಗೆ ಪೆನಾಲ್ಟಿಗಳಲ್ಲಿ 3-2. ಲಿವರ್‌ಪೂಲಿಗೆ ಐದನೆಯ ಯುರೋಪಿಯನ್ ಕಪ್.

ಇದು ಅದೃಷ್ಟವೇ, ತಂತ್ರವೇ? ಎರಡೂ ಹೌದು. ವಿರಾಮದಲ್ಲಿ ಮಾಡಿದ ಬದಲಾವಣೆ ಇಲ್ಲದಿದ್ದರೆ ಆ ಆರು ನಿಮಿಷ ಬರುತ್ತಿರಲಿಲ್ಲ. ಫಿನ್ನನ್ ಗಾಯಗೊಳ್ಳದಿದ್ದರೆ ಅದು ಬೇರೆಯೇ ಬದಲಾವಣೆಯಾಗುತ್ತಿತ್ತು. ಮರುವರ್ಷ ವೆಸ್ಟ್ ಹ್ಯಾಮ್ ವಿರುದ್ಧ 3-3ರ ಫೈನಲ್ ಅನ್ನು ಪೆನಾಲ್ಟಿಗಳಲ್ಲಿ ಗೆದ್ದು ಎಫ್‌ಎ ಕಪ್ಪನ್ನೂ ತಂದರು. 2007ರಲ್ಲಿ ಅಥೆನ್ಸ್‌ನ ಫೈನಲ್‌ನಲ್ಲಿ ಅದೇ ಮಿಲಾನ್ ಎದುರು ಈ ಬಾರಿ ಚೆನ್ನಾಗಿಯೇ ಆಡಿದ ಲಿವರ್‌ಪೂಲ್ 2-1ರಿಂದ ಸೋತಿತು. ಆಟಕ್ಕೆ ತನ್ನದೇ ಆದ ನ್ಯಾಯವಿದೆ, ಅದು ನಮ್ಮ ನ್ಯಾಯವಾಗಿರಬೇಕೆಂದಿಲ್ಲ.

ಕೆಂಪು ಅಂಗಿಯಲ್ಲಿ ಸ್ಪೇನ್

ಬೆನಿಟೆಜ್ ಒಬ್ಬರೇ ಬರಲಿಲ್ಲ. ಅವರ ಬಲಗೈಯಾಗಿ ಪಾಕೊ ಆಯೆಸ್ತರಾನ್ ಬಂದರು. ಆಟಗಾರರಲ್ಲಿ ಅಲೊನ್ಸೊ, ಲೂಯಿಸ್ ಗಾರ್ಸಿಯಾ, ಗೋಲ್‌ಕೀಪರ್ ಪೆಪೆ ರೇನಾ, ಅರ್ಬೆಲೊವಾ, 2007ರಲ್ಲಿ ಫರ್ನಾಂಡೊ ಟೊರೆಸ್. ಬಂದವರೆಲ್ಲ ಬಾಳಲಿಲ್ಲ. ಜೋಸೆಮಿ, ನುನೆಜ್ ಅಂಥವರು ಬಂದ ವೇಗದಲ್ಲೇ ಹೋದರು. ಹೆಸರಾಂತ ಮೊರಿಯೆಂಟೆಸ್ ಕೂಡ ಇಂಗ್ಲೆಂಡಿನ ಆಟಕ್ಕೆ ಒಗ್ಗಲಿಲ್ಲ. ಆದರೆ ಉಳಿದವರು ಊರಿನವರೇ ಆದರು. ಆನ್‌ಫೀಲ್ಡಿನಲ್ಲಿ ಸ್ಪೇನಿನ ಧ್ವಜಗಳು ಹಾರಿದವು. ಮೆಕ್ಸಿಕೊದ 'ಲಾ ಬಾಂಬಾ' ಎಂಬ ಜನಪದ ಧಾಟಿಗೆ ಬೆನಿಟೆಜ್ ಮತ್ತು ಅವರ ಹುಡುಗರ ಹೆಸರುಗಳನ್ನು ಪೋಣಿಸಿ ಹಡಗುಕಟ್ಟೆ ಕಾರ್ಮಿಕರ ಮೊಮ್ಮಕ್ಕಳು ಹಾಡಿದರು.

2008ರಲ್ಲಿ ಸ್ಪೇನ್ ಯುರೋಪಿಯನ್ ಚಾಂಪಿಯನ್ ಆದಾಗ ಆ ತಂಡದಲ್ಲಿ ನಾಲ್ವರು ಲಿವರ್‌ಪೂಲಿನವರಿದ್ದರು: ರೇನಾ, ಅರ್ಬೆಲೊವಾ, ಅಲೊನ್ಸೊ, ಟೊರೆಸ್. ಫೈನಲ್‌ನ ಏಕೈಕ ಗೋಲನ್ನು ಹೊಡೆದದ್ದು ಟೊರೆಸ್. ಲಿವರ್‌ಪೂಲಿನ ತರಬೇತಿಯಿಂದ ಸ್ಪೇನ್ ಗೆದ್ದಿತು ಎಂದರೆ ಉತ್ಪ್ರೇಕ್ಷೆಯಾದೀತು. ಆ ಪೀಳಿಗೆಯನ್ನು ಬೆಳೆಸಿದ್ದು ಸ್ಪೇನಿನ ಶಾಲೆಗಳೇ. ಆದರೆ ಇಂಗ್ಲೆಂಡಿನ ವೇಗ, ಮೈಗೆ ಮೈ ತಾಗುವ ಒರಟು ಆಟ ಆ ಹುಡುಗರನ್ನು ಇನ್ನಷ್ಟು ಗಟ್ಟಿಗೊಳಿಸಿತು ಎನ್ನುವುದರಲ್ಲಿ ಸಂಶಯವಿಲ್ಲ. ಪ್ರಭಾವ ಎಂಬುದು ಎಂದೂ ಒಂದೇ ದಿಕ್ಕಿಗೆ ಹರಿಯುವ ತೊರೆಯಲ್ಲ.

2008-09ರ ಋತು ಬೆನಿಟೆಜ್ ಅವರ ತಂಡದ ಉತ್ತುಂಗ. 2009ರ ಮಾರ್ಚ್‌ನಲ್ಲಿ ಹದಿನೈದು ದಿನಗಳ ಒಳಗೆ ಲಿವರ್‌ಪೂಲ್ ರಿಯಲ್ ಮ್ಯಾಡ್ರಿಡ್ ಅನ್ನು 4-0, ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಅದರದೇ ಮೈದಾನದಲ್ಲಿ 4-1, ಆಸ್ಟನ್ ವಿಲ್ಲಾವನ್ನು 5-0ರಿಂದ ಸೋಲಿಸಿತು. ಇಡೀ ಲೀಗಿನಲ್ಲಿ ಸೋತದ್ದು ಎರಡೇ ಪಂದ್ಯ. 86 ಅಂಕ. ಆದರೂ 90 ಅಂಕ ಪಡೆದ ಮ್ಯಾಂಚೆಸ್ಟರ್ ಯುನೈಟೆಡ್ ಚಾಂಪಿಯನ್ ಆಯಿತು. ಸ್ವಂತ ಮೈದಾನದಲ್ಲಿ ಏಳು ಪಂದ್ಯಗಳನ್ನು ಡ್ರಾ ಮಾಡಿಕೊಂಡದ್ದೇ ಮುಳುವಾಯಿತು.

ಸಾಲ ಮಾಡಿ ಕೊಂಡ ಕ್ಲಬ್

ಈ ನಡುವೆ ಕ್ಲಬ್ಬಿನ ಒಡೆತನ ಬದಲಾಗಿತ್ತು. 2007ರ ಫೆಬ್ರವರಿಯಲ್ಲಿ ಟಾಮ್ ಹಿಕ್ಸ್ ಮತ್ತು ಜಾರ್ಜ್ ಜಿಲೆಟ್ ಎಂಬ ಇಬ್ಬರು ಅಮೆರಿಕನ್ನರು ಅದನ್ನು ಕೊಂಡರು. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದೊಂದು ಮಾತಿದೆ. ಇಲ್ಲಿ ತುಪ್ಪ ತಿಂದವರು ಒಬ್ಬರು, ಸಾಲ ಹೊತ್ತವರು ಇನ್ನೊಬ್ಬರು. ಖರೀದಿಯ ಸಾಲದ ಭಾರ ಕ್ಲಬ್ಬಿನ ಹೆಗಲಿಗೇ ಬಿತ್ತು. ಹೊಸ ಕ್ರೀಡಾಂಗಣ ಕಟ್ಟುವ ಭರವಸೆ ಭರವಸೆಯಾಗಿಯೇ ಉಳಿಯಿತು. ಬೆನಿಟೆಜ್ ಅಸಮಾಧಾನ ತೋರಿಸಿದಾಗ ಒಡೆಯರು ಅವರ ಬೆನ್ನ ಹಿಂದೆ ಜರ್ಮನಿಯ ಯುರ್ಗೆನ್ ಕ್ಲಿನ್ಸ್‌ಮನ್ ಅವರ ಜೊತೆ ಮಾತುಕತೆ ನಡೆಸಿದ್ದರು. 2007ರ ನವೆಂಬರ್‌ನಲ್ಲಿ ಪೋರ್ಟೊ ವಿರುದ್ಧದ ಪಂದ್ಯಕ್ಕೆ ಮುಂಚೆ ಬೆಂಬಲಿಗರು ಬೆನಿಟೆಜ್ ಪರವಾಗಿ ಆನ್‌ಫೀಲ್ಡಿಗೆ ಮೆರವಣಿಗೆ ಬಂದರು. ಪರದೇಶದ ಒಬ್ಬ ನೌಕರನ ಪರವಾಗಿ, ಅವನನ್ನು ನೇಮಿಸಿಕೊಂಡ ಯಜಮಾನರ ವಿರುದ್ಧ, ಊರಿನವರು ಬೀದಿಗಿಳಿದದ್ದು ಸಣ್ಣ ಸಂಗತಿಯಲ್ಲ. 2008ರಲ್ಲಿ ಬೆಂಬಲಿಗರು 'ಸ್ಪಿರಿಟ್ ಆಫ್ ಶ್ಯಾಂಕ್ಲಿ' ಎಂಬ ತಮ್ಮದೇ ಸಂಘ ಕಟ್ಟಿಕೊಂಡರು.

ಇಷ್ಟು ಹೇಳಿ ಬೆನಿಟೆಜ್ ಅವರ ತಪ್ಪುಗಳನ್ನು ಮರೆಮಾಚಬಾರದು. 2008ರಲ್ಲಿ ಗ್ಯಾರೆತ್ ಬ್ಯಾರಿ ಎಂಬ ಆಟಗಾರನನ್ನು ಕೊಳ್ಳುವ ಹಂಬಲದಲ್ಲಿ ಅಲೊನ್ಸೊರನ್ನು ಮಾರಲು ಹೊರಟರು. ಬ್ಯಾರಿ ಬರಲಿಲ್ಲ, ಅಲೊನ್ಸೊರ ಮನಸ್ಸು ಮುರಿಯಿತು, ಮರುವರ್ಷ ಅವರು ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಅವರೊಡನೆ ತಂಡದ ಲಯವೂ ಹೋಯಿತು. ದೊಡ್ಡ ಬೆಲೆಗೆ ತಂದ ರಾಬಿ ಕೀನ್ ಅವರನ್ನು ಆರೇ ತಿಂಗಳಲ್ಲಿ ಹಳೆಯ ಕ್ಲಬ್ಬಿಗೇ ಮಾರಬೇಕಾಯಿತು. 2009ರ ಜನವರಿಯಲ್ಲಿ ತಂಡ ಲೀಗಿನ ಮೇಲ್ತುದಿಯಲ್ಲಿದ್ದಾಗ ಪತ್ರಿಕಾಗೋಷ್ಠಿಗೆ ಕಾಗದ ಹಿಡಿದು ಬಂದು ಅಲೆಕ್ಸ್ ಫರ್ಗ್ಯುಸನ್ ವಿರುದ್ಧ ಆರೋಪಗಳ ಪಟ್ಟಿ ಓದಿದರು. ಆಡಳಿತ ಮಂಡಳಿಯೊಡನೆ, ಪತ್ರಕರ್ತರೊಡನೆ ಜಗಳ ಅವರಿಗೆ ಒಂದು ಅಭ್ಯಾಸವಾಗಿ ಹೋಗಿತ್ತು. ಲೀಗ್ ಗೆಲ್ಲದೆಯೇ ಅವರು ಹೋದರು. ನಾಲ್ಕು ತಿಂಗಳ ಬಳಿಕ, 2010ರ ಅಕ್ಟೋಬರ್‌ನಲ್ಲಿ, ನ್ಯಾಯಾಲಯದ ಮೆಟ್ಟಿಲೇರಿದ ಜಗಳದ ಕೊನೆಗೆ ಆ ಇಬ್ಬರು ಒಡೆಯರೂ ಕ್ಲಬ್ಬನ್ನು ಕಳೆದುಕೊಂಡರು.

ಮಕ್ಕಳ ಅಂಗಳದಲ್ಲಿ

ಪತ್ರಿಕೆಗಳ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಕೆಲಸ ಕೊನೆಯ ವರ್ಷದಲ್ಲಿ ನಡೆಯಿತು. ಕರ್ಬಿಯಲ್ಲಿದ್ದ ಬಾಲಕರ ಅಕಾಡೆಮಿಗೂ ಹಿರಿಯರ ತಂಡಕ್ಕೂ ನಡುವೆ ಬಹುಕಾಲ ಕಂದಕವಿತ್ತು. ಅಲ್ಲಿನ ಹುಡುಗರು 2006 ಮತ್ತು 2007ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದರೂ ಮೇಲಿನ ತಂಡಕ್ಕೆ ಏರಿ ನಿಂತವರು ವಿರಳ. 2009ರಲ್ಲಿ ಅಕಾಡೆಮಿಯ ಹೊಣೆ ಕೈಗೆ ಬಂದಾಗ ಬೆನಿಟೆಜ್ ಹಿಂದೆ ಬಾರ್ಸಿಲೋನಾದಲ್ಲಿ ದುಡಿದಿದ್ದ ಪೆಪ್ ಸೆಗುರಾ ಮತ್ತು ರೊಡೊಲ್ಫೊ ಬೊರೆಲ್ ಅವರನ್ನು ಕರೆತಂದರು. ಮೆಸ್ಸಿ, ಫ್ಯಾಬ್ರೆಗಾಸ್ ಬಾಲಕರಾಗಿದ್ದಾಗ ಅವರಿಗೆ ತರಬೇತಿ ನೀಡಿದವರು ಬೊರೆಲ್. ಎಂಟು ವರ್ಷದವನಿಂದ ಹಿಡಿದು ಹದಿನೆಂಟರವನವರೆಗೆ ಎಲ್ಲರೂ ಒಂದೇ ಬಗೆಯ ಆಟ ಕಲಿಯಬೇಕು, ಓಟಕ್ಕಿಂತ ಮೊದಲು ಚೆಂಡಿನ ಒಡನಾಟ ಬರಬೇಕು ಎಂಬುದು ಅವರ ಪಾಠ. 2010ರ ಆರಂಭದಲ್ಲಿ ಲಂಡನ್ನಿನಿಂದ ಹದಿನೈದರ ಹುಡುಗ ರಹೀಮ್ ಸ್ಟರ್ಲಿಂಗ್ ಆ ಅಂಗಳಕ್ಕೆ ಬಂದದ್ದು ಬೆನಿಟೆಜ್ ಇದ್ದಾಗಲೇ.

ಇನ್ನೊಂದು ಸಂಗತಿಯೂ ಗಮನಾರ್ಹ. ಕ್ಲಬ್ಬಿನ ಮಹಾನ್ ಆಟಗಾರ, ಹಿಲ್ಸ್‌ಬರೊ ದುರಂತದ ದಿನಗಳಲ್ಲಿ ಮ್ಯಾನೇಜರ್ ಆಗಿದ್ದು ಅಂತ್ಯಕ್ರಿಯೆಯಿಂದ ಅಂತ್ಯಕ್ರಿಯೆಗೆ ಓಡಾಡಿ ಬಳಲಿದ ಕೆನ್ನಿ ಡಾಲ್ಗ್ಲಿಷ್ ಅವರನ್ನು 2009ರಲ್ಲಿ ಅಕಾಡೆಮಿಗೆ ಮರಳಿ ಕರೆದವರೂ ಇದೇ ಬೆನಿಟೆಜ್. ಮನೆಯ ಹಿರಿಯನಿಗೆ ಮತ್ತೆ ಮನೆಯಲ್ಲಿ ಜಾಗ ಮಾಡಿಕೊಟ್ಟದ್ದು ಹೊರಗಿನಿಂದ ಬಂದವರು.

ನದಿಯಾಚೆಯ ಮನೆ

ಕೆಲಸ ಹೋದ ಮೇಲೂ ಬೆನಿಟೆಜ್ ಕುಟುಂಬ ಮರ್ಸಿ ನದಿಯಾಚೆಯ ವಿರಲ್‌ನಲ್ಲಿದ್ದ ತನ್ನ ಮನೆಯನ್ನು ಬಿಡಲಿಲ್ಲ. ಮಿಲಾನ್, ನೇಪಲ್ಸ್, ಮ್ಯಾಡ್ರಿಡ್ ಎಂದು ಅವರು ಊರೂರು ಸುತ್ತಿದರೂ ಮಕ್ಕಳು ಬೆಳೆದದ್ದು ಅಲ್ಲೇ. ಹಿಲ್ಸ್‌ಬರೊ ಸ್ಮರಣಾ ಸಭೆಗೂ ಅವರು ಬಂದರು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು ಎಂಬುದನ್ನು ಬಯಲಿಗೆಳೆಯಿತು. 2016ರಲ್ಲಿ ಆ ಸಾವುಗಳು ಕಾನೂನುಬಾಹಿರ ಹತ್ಯೆಗಳೆಂಬ ತೀರ್ಪು ಬಂತು. ಅಂದು ಗಾಯಗೊಂಡು ಮೂವತ್ತೆರಡು ವರ್ಷ ನರಳಿದ ಒಬ್ಬರು 2021ರಲ್ಲಿ ತೀರಿಕೊಂಡ ಮೇಲೆ ಆ ಸಂಖ್ಯೆ 97 ಆಯಿತು.

ಅದೇ 2021ರಲ್ಲಿ ಬೆನಿಟೆಜ್ ಅದೇ ಊರಿನ ಇನ್ನೊಂದು ಕ್ಲಬ್ಬಾದ ಎವರ್ಟನ್‌ನ ಮ್ಯಾನೇಜರ್ ಆದರು. ಆಗ ಎರಡು ಕ್ಲಬ್ಬುಗಳ ನಡುವೆ ಇದ್ದದ್ದು ಒಂದು ಉದ್ಯಾನವನವಷ್ಟೇ. 1890ರ ದಶಕದ ವಿಲಿಯಂ ಬಾರ್ಕ್ಲೇ ಅವರನ್ನು ಬಿಟ್ಟರೆ ಎರಡನ್ನೂ ಮುನ್ನಡೆಸಿದವರು ಬೇರೆ ಯಾರೂ ಇಲ್ಲ. 2007ರಲ್ಲಿ ಅವರು ಎವರ್ಟನ್ ಅನ್ನು ಸಣ್ಣ ಕ್ಲಬ್ ಎಂದು ಜರೆದಿದ್ದನ್ನು ಅಲ್ಲಿನವರು ಮರೆತಿರಲಿಲ್ಲ. ನೇಮಕಕ್ಕೆ ಮುಂಚೆಯೇ ಅವರ ಮನೆಯ ಸಮೀಪ ಬೆದರಿಕೆಯ ಬರಹ ಕಾಣಿಸಿಕೊಂಡಿತು. 2022ರ ಜನವರಿಯಲ್ಲಿ, ಆರೂವರೆ ತಿಂಗಳಲ್ಲೇ, ಅವರನ್ನು ಕೈಬಿಡಲಾಯಿತು. ಒಂದು ಬೀದಿಯಲ್ಲಿ ಮನೆಮಗನಾದವನು ಪಕ್ಕದ ಬೀದಿಯಲ್ಲಿ ಪರಕೀಯನಾಗಿಯೇ ಉಳಿದ. ಸ್ವೀಕಾರ ಎಂಬುದು ಯಾರ ಹಕ್ಕೂ ಅಲ್ಲ. ಅದನ್ನು ಗಳಿಸಿಕೊಳ್ಳಬೇಕು, ಗಳಿಸಿದ ಕಡೆ ಮಾತ್ರ ಅದು ಚಲಾವಣೆಯಾಗುತ್ತದೆ.

ಉಳಿದದ್ದೇನು?

ಬೆನಿಟೆಜ್ ನಂತರ ಇಂಗ್ಲೆಂಡಿಗೆ ಸ್ಪೇನಿನ ತರಬೇತುದಾರರ ಸಾಲೇ ಬಂತು. ಹುವಾಂಡೆ ರಾಮೋಸ್ ಟಾಟನ್‌ಹ್ಯಾಮ್‌ಗೆ 2008ರ ಲೀಗ್ ಕಪ್ ತಂದರು. ರಾಬರ್ಟೊ ಮಾರ್ಟಿನೆಜ್ ಪುಟ್ಟ ವಿಗನ್‌ಗೆ 2013ರ ಎಫ್‌ಎ ಕಪ್ ಗೆದ್ದುಕೊಟ್ಟರು. 2016ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಪೆಪ್ ಗ್ವಾರ್ಡಿಯೋಲ ಬಂದು ಲೀಗಿನ ಚಹರೆಯನ್ನೇ ಬದಲಿಸಿದರು. ಲಿವರ್‌ಪೂಲಿನ ಅಕಾಡೆಮಿಯಲ್ಲಿದ್ದ ಬೊರೆಲ್ ಮುಂದೆ ಅವರ ಸಹಾಯಕರಾದರು. ಬೆನಿಟೆಜ್ ಗರಡಿಯಲ್ಲಿ ಆಡಿದ ಅಲೊನ್ಸೊ ತರಬೇತುದಾರರಾಗಿ 2023-24ರಲ್ಲಿ ಜರ್ಮನಿಯ ಲೆವರ್‌ಕುಸೆನ್ ತಂಡಕ್ಕೆ ಒಂದೂ ಸೋಲಿಲ್ಲದೆ ಲೀಗ್ ಗೆಲ್ಲಿಸಿದರು. ಇತ್ತ ಲಿವರ್‌ಪೂಲ್ ಮೂವತ್ತು ವರ್ಷಗಳ ಬಳಿಕ 2020ರಲ್ಲಿ ಲೀಗ್ ಗೆದ್ದದ್ದು ಜರ್ಮನಿಯ ಯುರ್ಗೆನ್ ಕ್ಲಾಪ್ ಅವರ ಕೈಕೆಳಗೆ. ಆ ಗೆಲುವನ್ನು ಬೆನಿಟೆಜ್ ಅವರ ಲೆಕ್ಕಕ್ಕೆ ಬರೆಯುವುದು ತಪ್ಪು. ಆದರೆ ವಿದ್ಯೆ ಹೊರಗಿನಿಂದಲೂ ಬರಬಹುದು, ಹೊರಗಿನವನೂ ನಮ್ಮವನಾಗಬಹುದು ಎಂದು ಆ ಹಳೆಯ ಮನೆ ಕಲಿತದ್ದು ಹೂಲಿಯೆ ಮತ್ತು ಬೆನಿಟೆಜ್ ಅವರ ಕಾಲದಲ್ಲಿ.

ಪರವೂರಿಗೆ ದುಡಿಯಲು ಹೋದವನಿಂದ ಆ ಊರು ಮೊದಲು ಕೇಳುವುದು ಅವನ ದುಡಿಮೆಯನ್ನು. ಅದನ್ನು ಬೆನಿಟೆಜ್ ಇಸ್ತಾಂಬುಲಿನಲ್ಲಿ ಸಲ್ಲಿಸಿದರು. ಆದರೆ ದುಡಿಮೆಗೆ ಸಂಬಳ ಸಂದರೆ ಲೆಕ್ಕ ಚುಕ್ತಾ. ಊರಿನ ಸಾವಿನ ಮನೆಯಲ್ಲಿ ಕುಳಿತು ಎದ್ದವನ ಲೆಕ್ಕ ಮಾತ್ರ ಹಾಗೆ ಮುಗಿಯುವುದಿಲ್ಲ. ಸ್ಪೇನಿನ ಮೇಷ್ಟ್ರು ಲಿವರ್‌ಪೂಲಿಗೆ ಜಾಗ ಕಾಯುವ ವಿದ್ಯೆ ಕಲಿಸಿದರು. ಆ ಊರು ಅವರಿಗೆ ಸತ್ತವರನ್ನು ಒಬ್ಬೊಬ್ಬರನ್ನಾಗಿ ಎಣಿಸುವುದನ್ನು ಕಲಿಸಿತು. 96 ಸಾವಿರ ಎಂಬ ಆ ಮೊತ್ತದಲ್ಲಿ ಇದ್ದದ್ದು ಆ ಪಾಠವೇ.